ಎಷ್ಟು ಗಾಳಿ, ಎಲ್ಲಿಯ ಗಾಳಿ

ಜ್ಯೇಷ್ಠವು ಕಳೆದು ಆಷಾಢವು ಕಾಲಿಟ್ಟಿತೆಂದರೆ ಆದವಾನಿ ಸೀಮೆಯ ಜನರ ಮಾತಿನಲ್ಲಿ ಮೊದಲು ಬರುವುದು ಮಳೆಯಲ್ಲ, ಗಾಳಿ. ಅರಬ್ಬೀ ಸಮುದ್ರದಿಂದ ಹೊರಟು, ಸಹ್ಯಾದ್ರಿಯ ಪಡುವಣ ಮಗ್ಗುಲಿನಲ್ಲಿ ತನ್ನ ತೇವವನ್ನು ಬಹುಪಾಲು ಸುರಿದು, ಹೊರೆಯಿಳಿಸಿದ ಆಳಿನಂತೆ ಹಗುರಾಗಿ ಮೂಡಣಕ್ಕೆ ಹೆಜ್ಜೆಹಾಕುವ ಈ ಮಾರುತವು ಬಳ್ಳಾರಿಯ ಬಯಲನ್ನು ಹಾಯ್ದು ಹೊಳಗುಂದ, ಆಲೂರು, ಆಸ್ಪರಿಗಳ ಎರೆ ಹೊಲಗಳ ಮೇಲೆ ಬೀಸುವ ಹೊತ್ತಿಗೆ ಅದರಲ್ಲಿ ವೇಗವುಂಟು, ಧೂಳುಂಟು. ನೀರು ಮಾತ್ರ ಬಹು ವಿರಳ. ಈ ಗಾಳಿಗೆ ಬೆನ್ನುಕೊಟ್ಟು ನಡೆಯುವುದನ್ನು ಕಲಿತೇ ನಾವು ಬೆಳೆದೆವು. ಸುಗ್ಗಿಯ ಕಣದಲ್ಲಿ ಮೂರು ಕಾಲಿನ ಎತ್ತರದ ಮಣೆಯ ಮೇಲೆ ನಿಂತು ಮೊರದಿಂದ ಜೋಳವನ್ನು ತೂರುತ್ತಿದ್ದ ನಮ್ಮ ಹಿರಿಯರು, ಹೊಟ್ಟು ಹಾರಿ ಕಾಳು ಬೀಳುವುದಕ್ಕೆ ತಕ್ಕಷ್ಟು ಗಾಳಿ ಬರುವವರೆಗೆ ಅರ್ಧ ದಿನವಾದರೂ ಕಾದು ಕುಳಿತಿರುತ್ತಿದ್ದರು. 'ಗಾಳಿ ಬಂದಾಗ ತೂರಿಕೋ' ಎಂಬ ಗಾದೆಯು ಅವರ ಪಾಲಿಗೆ ಬರಿಯ ಉಪಮೆಯಾಗಿರದೆ ನಿತ್ಯದ ಉದ್ಯೋಗವೇ ಆಗಿತ್ತು. ಆದರೂ ಆ ಗಾಳಿಯ ವೇಗವೆಷ್ಟೆಂದು ಯಾರಾದರೂ ಕೇಳಿದ್ದರೆ 'ಹದವಾದ ಗಾಳಿ', 'ಭಾರಿ ಗಾಳಿ' ಎಂಬುದಕ್ಕಿಂತ ಹೆಚ್ಚಿನ ಉತ್ತರವನ್ನು ಅವರು ಕೊಡುತ್ತಿರಲಿಲ್ಲ. ಕೊಡಬೇಕಾದ ಅಗತ್ಯವೂ ಅವರಿಗಿರಲಿಲ್ಲ.

ಈಗ ಆ ಅಗತ್ಯವು ಒದಗಿದೆ. ಆಸ್ಪರಿ, ಆಲೂರು, ಪತ್ತಿಕೊಂಡಗಳ ದಿಬ್ಬಗಳ ಮೇಲೆ ವಿದ್ಯುತ್ತನ್ನು ಹುಟ್ಟಿಸುವ ಗಾಳಿಯಂತ್ರಗಳು ಬಿಳಿಯ ರೆಕ್ಕೆಗಳನ್ನು ಬಿಚ್ಚಿ ನಿಂತಿವೆ. ಹತ್ತಿ ಮೆಣಸಿನಕಾಯಿಗಳ ಹೊಲಗಳಲ್ಲಿ ವಿಷಯುಕ್ತವಾದ ಔಷಧಿಯನ್ನು ಸಿಂಪಡಿಸುವ ಕೆಲಸವು ವರ್ಷಕ್ಕೆ ಹಲವು ಬಾರಿ ನಡೆಯುತ್ತದೆ. ಆದವಾನಿಯ ಜಿನ್ನಿಂಗ್ ಮಿಲ್ಲುಗಳಲ್ಲಿ ಹತ್ತಿಯನ್ನು ಎತ್ತಿ ಸಾಗಿಸುವ ಕೆಲಸದ ಬಹುಭಾಗವನ್ನು ಈಗ ಕೈಗಳಲ್ಲ, ತಗಡಿನ ಕೊಳವೆಯೊಳಗಿನ ಗಾಳಿಯೇ ಮಾಡುತ್ತದೆ. ಈ ಮೂರು ಕಡೆಯಲ್ಲಿಯೂ ಗಾಳಿಯ ವೇಗವನ್ನು ಸಂಖ್ಯೆಯಲ್ಲಿ ತಿಳಿದಿರಬೇಕು. ಆದರೆ ಮೂರಕ್ಕೂ ಒಂದೇ ಅನಿಮೋಮೀಟರ್, ಎಂದರೆ ಗಾಳಿಯ ವೇಗವನ್ನು ಅಳೆಯುವ ಉಪಕರಣ, ಒದಗುವುದಿಲ್ಲ. ಅಂಗಡಿಗೆ ಹೋಗಿ 'ಒಳ್ಳೆಯ ಅನಿಮೋಮೀಟರ್ ಯಾವುದು?' ಎಂದು ಕೇಳುವವನು, ಯಾವ ಗಾಳಿಯನ್ನು, ಎಷ್ಟು ಎತ್ತರದಲ್ಲಿ, ಯಾವ ಕೆಲಸಕ್ಕಾಗಿ ಅಳೆಯಬೇಕಾಗಿದೆಯೆಂಬುದನ್ನು ಮನೆಯಲ್ಲಿಯೇ ನಿಶ್ಚಯಿಸಿಕೊಂಡು ಹೋಗದಿದ್ದರೆ, ಬೆಲೆ ಹೆಚ್ಚಾದದ್ದನ್ನು ತಂದೂ ಪ್ರಯೋಜನವಿಲ್ಲದೆ ಕುಳಿತಾನು.

ಹೊಲದಿಂದಲೇ ಆರಂಭಿಸೋಣ. ಒಂದು ಶ್ರಾವಣದ ಮುಂಜಾನೆ, ಹತ್ತಿ ಮೊಣಕಾಲೆತ್ತರ ಬೆಳೆದಿದ್ದಾಗ, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ ಒಂದು ಮಾಪಕವನ್ನು ತೆಗೆದುಕೊಂಡು ನನ್ನ ಸೋದರಮಾವನ ಹೊಲದ ಬದುವಿನ ಮೇಲೆ ನಿಂತಿದ್ದೆನು. ಅದರ ತಲೆಯಲ್ಲಿ ಒಂದು ಬಳೆ, ಬಳೆಯೊಳಗೆ ಎಂಟು ಎಸಳುಗಳ ತೆಳುವಾದ ಚಕ್ರ, ಕೆಳಗೆ ಅಂಕಿಗಳು ಮೂಡುವ ಪುಟ್ಟ ಗಾಜು. ಮಾವನು ಅದನ್ನು ಹಿಂದುಮುಂದಾಗಿ ತಿರುಗಿಸಿ ನೋಡಿ, "ಗಾಳಿ ಎಷ್ಟೈತಂತ ಹೇಳಾಕ ಇದು ಬೇಕೇನೋ ಅಳಿಯಾ? ಒಂದು ಹಿಡಿ ಮಣ್ಣು ಬಿಟ್ರೆ ಅದೇ ಹೇಳ್ತೈತಲ್ಲ" ಎಂದನು, ಎಂದವನೇ ಬಗ್ಗಿ ಮಣ್ಣು ತೆಗೆದು, ಎದೆಯ ಮಟ್ಟದಿಂದ ಸಣ್ಣಗೆ ಜಾರಬಿಟ್ಟನು. ಮಣ್ಣಿನ ಹೊಗೆಯು ತುಸು ಓರೆಯಾಗಿ ಮೂಡಣಕ್ಕೆ ಸರಿಯಿತು. ಅವನು ಮಾಡಿದುದು ಸರಿಯಾದ ಕ್ರಮವೇ. ಚಕ್ರದ ಮಾಪಕವು ಗಾಳಿಗೆ ನೇರವಾಗಿ ಮುಖಮಾಡಿದ್ದಾಗ ಮಾತ್ರ ನಿಜವನ್ನು ಹೇಳುತ್ತದೆ. ಓರೆಯಾಗಿ ಹಿಡಿದಷ್ಟೂ ವೇಗವನ್ನು ಕಡಿಮೆಮಾಡಿ ತೋರಿಸುತ್ತದೆ. ಆದುದರಿಂದ ದಿಕ್ಕನ್ನು ಮೊದಲು ಮಣ್ಣಿನಿಂದಲೋ, ಒಂದು ಎಳೆ ದಾರದಿಂದಲೋ ಗೊತ್ತುಮಾಡಿಕೊಂಡು ಆಮೇಲೆ ಮಾಪಕವನ್ನು ಎತ್ತುವುದು ಯುಕ್ತ. "ಎತ್ಲಾಗಿಂದ ಬರ್ತೈತಂತ ಮಣ್ಣು ಹೇಳ್ತೈತಿ ಮಾವಾ, ಎಷ್ಟಂತ ಹೇಳಂಗಿಲ್ಲ" ಎಂದು ನಾನು ಚಕ್ರವನ್ನು ಪಡುವಣಕ್ಕೆ ತಿರುಗಿಸಿದೆನು.

ಏಳು ಗಂಟೆಯ ಹೊತ್ತಿಗೆ ಅದು ಸೆಕೆಂಡಿಗೆ 1.5 ಮೀಟರೆಂದಿತು, ಎಂದರೆ ಗಂಟೆಗೆ 5 ಕಿಲೋಮೀಟರಿಗೆ ತುಸು ಮೇಲೆ. ಹೊತ್ತೇರಿ ಹತ್ತು ಗಂಟೆಯಾಗುವಷ್ಟರಲ್ಲಿ ಅದೇ ಬದುವಿನ ಮೇಲೆ 4.2 ಮೀಟರ್, ಅಂದರೆ ಗಂಟೆಗೆ 15 ಕಿಲೋಮೀಟರ್. ಮುಖಕ್ಕೆ ಹಿತವಾಗಿ ತಾಗುವ ಈ ಗಾಳಿಯಲ್ಲಿ ಇನ್ನೂ ಎರಡು ಡಬ್ಬಿ ಔಷಧಿಯನ್ನು ಮುಗಿಸಿಬಿಡಬಹುದೆಂದು ಯಾವ ರೈತನಿಗಾದರೂ ತೋರುವುದು ಸಹಜ. ಆದರೆ ಸಿಂಪಡಣೆಗೆ ಗಂಟೆಗೆ ಸುಮಾರು 3ರಿಂದ 10 ಕಿಲೋಮೀಟರಿನವರೆಗಿನ ಗಾಳಿಯೇ ಹದವಾದದ್ದು. 15ನ್ನು ಮುಟ್ಟಿತೆಂದರೆ ಹನಿಗಳು ಎಲೆಯ ಮೇಲೆ ಕೂರದೆ ಪಕ್ಕದ ಹೊಲಕ್ಕೆ, ಬದುವಿನ ಮೇಲಿನ ಬುತ್ತಿಗೆ, ಸಿಂಪಡಿಸುವವನ ಮೂಗಿಗೆ ಹೋಗುತ್ತವೆ. ಇದಕ್ಕಿಂತಲೂ ಜನರು ನಂಬದಿರುವ ಇನ್ನೊಂದು ಸಂಗತಿಯುಂಟು: ಎಲೆಯೂ ಅಲುಗದ, ಸೂರ್ಯೋದಯಕ್ಕೆ ಮುಂಚಿನ ನಿಶ್ಚಲವಾದ ಗಾಳಿಯೂ ಸಿಂಪಡಣೆಗೆ ಒಳ್ಳೆಯದಲ್ಲ. ರಾತ್ರಿ ತಣಿದ ನೆಲದ ಮೇಲೆ ತಣ್ಣನೆಯ ವಾಯುವಿನ ಪದರವೊಂದು ಹಾಸಿಕೊಂಡು, ಅದರ ಮೇಲೆ ಬೆಚ್ಚನೆಯ ವಾಯು ಮುಚ್ಚಳದಂತೆ ಕುಳಿತಿರುವಾಗ, ಸೂಕ್ಷ್ಮವಾದ ಹನಿಗಳು ಮೇಲಕ್ಕೂ ಹೋಗದೆ ಕೆಳಕ್ಕೂ ಇಳಿಯದೆ ಮಂಜಿನಂತೆ ತೂಗಾಡಿ, ಯಾವ ಕಡೆಗೋ ಸದ್ದಿಲ್ಲದೆ ತೆವಳಿಹೋಗುತ್ತವೆ. ಆದುದರಿಂದ ಹೊಲಕ್ಕೆ ಬೇಕಾದ ಮಾಪಕವು ಅಲ್ಪವೇಗವನ್ನು ಸರಿಯಾಗಿ ಹೇಳುವಂಥದಾಗಿರಬೇಕು. ಸೆಕೆಂಡಿಗೆ 30 ಮೀಟರನ್ನೂ ಅಳೆಯುತ್ತೇನೆಂದು ಡಬ್ಬದ ಮೇಲೆ ಬರೆದಿರುವುದನ್ನು ನೋಡಿ ಮಾರುಹೋಗುವುದಕ್ಕಿಂತ, ಎಷ್ಟು ಕಡಿಮೆ ಗಾಳಿಗೆ ಅದರ ಚಕ್ರವು ತಿರುಗಲಾರಂಭಿಸುತ್ತದೆಂಬುದನ್ನು ವಿಚಾರಿಸಬೇಕು. ಆ ಮಿತಿಯು ಸೆಕೆಂಡಿಗೆ ಅರ್ಧ ಮೀಟರಿನ ಆಸುಪಾಸಿನಲ್ಲಿದ್ದರೆ ಸಾಕು. ಇಂಥದು ಒಂದೆರಡು ಸಾವಿರ ರೂಪಾಯಿಗೆ ದೊರೆಯುತ್ತದೆ. ಓಣಿಯ ನಾಲ್ಕು ಮನೆಯವರು ಕೂಡಿ ಒಂದನ್ನು ಕೊಂಡರೂ ನಡೆದೀತು.

ಹಿಡಿಯುವ ರೀತಿಯೂ ಮುಖ್ಯ. ಮಾಪಕವನ್ನು ಎದೆಗೆ ಹತ್ತಿರವಾಗಿ ಹಿಡಿದರೆ ದೇಹವೇ ಗಾಳಿಗೆ ಗೋಡೆಯಾಗುತ್ತದೆ. ಗಾಳಿಗೆ ಪಕ್ಕವಾಗಿ ನಿಂತು, ತೋಳನ್ನು ಪೂರ್ತಿ ಚಾಚಿ, ಔಷಧಿಯ ನಳಿಕೆ ಇರುವಷ್ಟೇ ಎತ್ತರದಲ್ಲಿ ಹಿಡಿದು, ಒಂದೆರಡು ನಿಮಿಷಗಳ ಸರಾಸರಿಯನ್ನೂ ನಡುವೆ ಬಂದ ಅತಿ ಹೆಚ್ಚಿನ ಅಂಕಿಯನ್ನೂ ಬೇರೆಬೇರೆಯಾಗಿ ನೋಡಿಕೊಳ್ಳಬೇಕು. ಗಾಳಿಯೆಂಬುದು ಕಾಲುವೆಯ ನೀರಿನಂತೆ ಒಂದೇ ಸಮನೆ ಹರಿಯುವುದಲ್ಲ. ಬಿಟ್ಟು ಬಿಟ್ಟು ಬೀಸುತ್ತದೆ. ಒಂದು ಕ್ಷಣದ ಅಂಕಿಯನ್ನು ನೋಡಿ ನಿರ್ಣಯಿಸಿದವನು, ಅದೇ ನಿಮಿಷದಲ್ಲಿ ಅದರ ಎರಡರಷ್ಟಾಗಿ ಬರುವ ಬೀಸಿಗೆ ಸಿಕ್ಕಿಬೀಳುವುದುಂಟು.

ಮಾಪಕವಿಲ್ಲದವನು ಏನು ಮಾಡಬೇಕು? ಬ್ರಿಟಿಷ್ ನೌಕಾಪಡೆಯ ಫ್ರಾನ್ಸಿಸ್ ಬೋಫರ್ಟ್ ಎಂಬವನು 1805ರಲ್ಲಿ, ಹಡಗಿನ ಹಾಯಿಗಳ ವರ್ತನೆಯನ್ನು ನೋಡಿ ಗಾಳಿಯ ಬಲವನ್ನು ಅಂಕಗಳಾಗಿ ಹಂಚುವ ಒಂದು ಕ್ರಮವನ್ನು ಬರೆದಿಟ್ಟನು. ಮುಂದೆ ಅದನ್ನು ನೆಲದ ಮೇಲಿನವರಿಗೂ ಒಗ್ಗಿಸಲಾಯಿತು. ನಮ್ಮ ಸೀಮೆಯ ಮಾತಿನಲ್ಲಿ ಅದನ್ನು ಹೇಳುವುದಾದರೆ, ಮುಖಕ್ಕೆ ಗಾಳಿ ತಾಗಿ ಬೇವಿನೆಲೆ ಮರ್ಮರವೆಂದರೆ ಗಂಟೆಗೆ 6ರಿಂದ 11 ಕಿಲೋಮೀಟರ್. ಎಲೆಯೂ ಕಿರುಕೊನೆಯೂ ನಿಲ್ಲದೆ ಆಡುತ್ತಿದ್ದರೆ 12ರಿಂದ 19. ರಸ್ತೆಯ ಧೂಳು ಎದ್ದು ಚೂರುಕಾಗದ ಹಾರಿದರೆ 20ರಿಂದ 28. ಛತ್ರಿಯನ್ನು ಹಿಡಿಯುವುದೇ ಕಷ್ಟವಾಗಿ ವಿದ್ಯುತ್ ತಂತಿ ಸಿಳ್ಳುಹಾಕಿದರೆ 39ರಿಂದ 49. ಇದರಲ್ಲಿ ಮೊದಲನೆಯದು ಸಿಂಪಡಣೆಗೆ ಒಪ್ಪಿತ. ಎರಡನೆಯದು ಆರಂಭವಾಯಿತೆಂದರೆ ಪಂಪನ್ನು ಕೆಳಗಿಡುವುದು ಕ್ಷೇಮ.

ಹವಾಮಾನ ಕೇಂದ್ರಗಳ ಕಂಬದ ಮೇಲೆ ಬಟ್ಟಲುಗಳು ತಿರುಗುತ್ತಿರುವುದನ್ನು ಎಲ್ಲರೂ ನೋಡಿರುತ್ತಾರೆ. ಐರ್ಲೆಂಡಿನ ಆರ್ಮಾ ವೀಕ್ಷಣಾಲಯದ ಖಗೋಳಶಾಸ್ತ್ರಜ್ಞನಾದ ಥಾಮಸ್ ರಾಮ್ನಿ ರಾಬಿನ್‌ಸನ್ 1846ರಲ್ಲಿ ನಾಲ್ಕು ಅರೆಗೋಳದ ಬಟ್ಟಲುಗಳನ್ನು ಶಿಲುಬೆಯಾಕಾರದ ತೋಳುಗಳಿಗೆ ಸಿಕ್ಕಿಸಿ ಇದನ್ನು ಪ್ರಚಾರಕ್ಕೆ ತಂದನು. ಬಟ್ಟಲಿನ ಬಾಯಿ ಗಾಳಿಯನ್ನು ತುಂಬಿಕೊಳ್ಳುತ್ತದೆ, ಬೆನ್ನು ಜಾರಿಸಿಬಿಡುತ್ತದೆ. ಆ ಎರಡರ ಅಂತರದಿಂದಲೇ ತೋಳು ಸುತ್ತುತ್ತದೆ. ಗಾಳಿ ಯಾವ ದಿಕ್ಕಿನಿಂದ ಬಂದರೂ ಸರಿಯೆ, ಇದನ್ನು ಯಾರೂ ತಿರುಗಿಸಿ ನಿಲ್ಲಿಸಬೇಕಾಗಿಲ್ಲವೆಂಬುದು ಇದರ ದೊಡ್ಡ ಗುಣ. ಆದರೆ ರಾಬಿನ್‌ಸನ್ ಒಂದು ತಪ್ಪನ್ನು ಮಾಡಿದನು: ಬಟ್ಟಲಿನ ಗಾತ್ರ, ತೋಳಿನ ಉದ್ದ ಎಷ್ಟೇ ಇರಲಿ, ಬಟ್ಟಲು ಸುತ್ತುವ ವೇಗವು ಗಾಳಿಯ ವೇಗದ ಮೂರನೆಯ ಒಂದು ಪಾಲು ಮಾತ್ರವೆಂದು ನಂಬಿದನು. ಆ ನಂಬಿಕೆಯಂತೆಯೇ ಅನೇಕ ವರ್ಷಗಳ ಕಾಲ ಬಟ್ಟಲಿನ ವೇಗವನ್ನು 3ರಿಂದ ಗುಣಿಸಿ ದೇಶದೇಶಗಳ ದಾಖಲೆಗಳಲ್ಲಿ ಗಾಳಿಯನ್ನು ಬರೆದರು. 1879ರ ಡಿಸೆಂಬರ್ 28ರಂದು ಸ್ಕಾಟ್ಲೆಂಡಿನ ಟೇ ನದಿಯ ರೈಲು ಸೇತುವೆಯು ಬಿರುಗಾಳಿಯಲ್ಲಿ ಕುಸಿದು, ಮೇಲಿದ್ದ ಗಾಡಿಯನ್ನೂ ಪ್ರಯಾಣಿಕರನ್ನೂ ನುಂಗಿದ ಮೇಲೆ ಗಾಳಿಯ ಬಲವನ್ನು ಕುರಿತ ಪ್ರಶ್ನೆಗಳು ಗಂಭೀರವಾದವು. ವಿಲಿಯಂ ಹೆನ್ರಿ ಡೈನ್ಸ್ ಮುಂತಾದವರು ಮತ್ತೆ ಪರೀಕ್ಷಿಸಿದಾಗ, ರೂಢಿಯಲ್ಲಿದ್ದ ದೊಡ್ಡ ಮಾದರಿಯ ಮಾಪಕಕ್ಕೆ ಆ ಸಂಖ್ಯೆಯು 3 ಅಲ್ಲ, ಸುಮಾರು 2.2 ಎಂದು ಕಂಡುಬಂದಿತು. ಎಂದರೆ ಹಳೆಯ ಪುಸ್ತಕಗಳಲ್ಲಿ ಗಾಳಿಯು ಮೂರನೆಯ ಒಂದು ಪಾಲಿಗಿಂತಲೂ ಅಧಿಕವಾಗಿ ಬೆಳೆದು ಕುಳಿತಿತ್ತು. ಒಂದು ಅಂಕಿಯನ್ನು ಪರೀಕ್ಷಿಸದೆ ನಂಬಿದುದರ ಫಲವು ಇಷ್ಟು ದೂರ ಹರಿಯಬಲ್ಲುದು. ಕೊಳ್ಳುವ ಮಾಪಕದೊಡನೆ, ಗಾಳಿಸುರಂಗದಲ್ಲಿ ಅದನ್ನು ಹೋಲಿಸಿ ನೋಡಿದ ಪತ್ರವಿದೆಯೆ ಎಂದು ನಾನು ಎಲ್ಲರಿಗೂ ಕೇಳಲು ಹೇಳುವುದು ಈ ಕಾರಣದಿಂದಲೇ. ಕೆನಡಾದ ಜಾನ್ ಪ್ಯಾಟರ್ಸನ್ 1926ರಲ್ಲಿ ಮೂರು ಬಟ್ಟಲುಗಳ ಮಾಪಕವನ್ನು ರೂಪಿಸಿದನು. ಅದು ಬೀಸಿಗೆ ಬೇಗ ಓಗೊಡುವುದರಿಂದ ಇಂದಿಗೂ ಅದೇ ಹೆಚ್ಚಾಗಿ ಬಳಕೆಯಲ್ಲಿದೆ. ಬೀಸು ಬಂದೊಡನೆ ಓಡುವ ಬಟ್ಟಲು ಬೀಸು ನಿಂತೊಡನೆ ನಿಲ್ಲದೆ ತುಸು ಹೊತ್ತು ಸುತ್ತುತ್ತಲೇ ಇರುವುದರಿಂದ, ಬಿಟ್ಟುಬಿಟ್ಟು ಬೀಸುವ ಗಾಳಿಯನ್ನು ಸ್ವಲ್ಪ ಹೆಚ್ಚಾಗಿಯೇ ಹೇಳುವ ದೋಷವು ಇದಕ್ಕೂ ತಪ್ಪಿದ್ದಲ್ಲ.

ಉಪಕರಣಕ್ಕಿಂತ ಹೆಚ್ಚಾಗಿ ಜನರು ಎಡವುವುದು ಅದನ್ನು ನಿಲ್ಲಿಸುವ ಸ್ಥಳದಲ್ಲಿ. ಶಾಲೆಯ ಮಾಳಿಗೆಯ ಮೂಲೆಯಲ್ಲಿ, ನೀರಿನ ತೊಟ್ಟಿಯ ಪಕ್ಕದಲ್ಲಿ, ಬೇವಿನ ಮರದ ನೆರಳಿನಲ್ಲಿ ಬಟ್ಟಲುಗಳನ್ನು ಕಟ್ಟಿ ದಿನವೂ ಅಂಕಿ ಬರೆದುಕೊಂಡರೆ ತಿಳಿಯುವುದು ಆ ಮರದ ಸಮಾಚಾರವೇ ಹೊರತು ಊರಿನ ಗಾಳಿಯದಲ್ಲ. ಬಯಲಿನಲ್ಲಿ ನೆಲದಿಂದ 10 ಮೀಟರ್ ಎತ್ತರದ ಕಂಬ, ಸುತ್ತಲಿನ ಯಾವ ಅಡ್ಡಿಯಾದರೂ ತನ್ನ ಎತ್ತರದ ಕನಿಷ್ಠ 10 ಪಟ್ಟು ದೂರದಲ್ಲಿರುವುದು: ಇದು ಲೋಕದ ಹವಾಮಾನಜ್ಞರೆಲ್ಲ ಒಪ್ಪಿದ ನಿಯಮ. 20 ಅಡಿಯ ಮರವಿದ್ದರೆ ಕಂಬವು 200 ಅಡಿಯಾಚೆ ಇರಬೇಕು. ಇನ್ನು ಆದವಾನಿ ಊರಿನ ಮಾತಂತೂ ವಿಶೇಷ. ಕೆಳಗಿನ ಬಯಲಿಗಿಂತ 800 ಅಡಿಗಳಷ್ಟು ಮೇಲೆದ್ದಿರುವ ಬಾರಾಕಿಲ್ಲೆಯ ಬಂಡೆಬೆಟ್ಟವು ಪಡುವಣ ಗಾಳಿಗೆ ಅಡ್ಡ ಬಂದಾಗ, ನೆತ್ತಿಯನ್ನು ಹತ್ತಿ ದಾಟುವ ವಾಯು ಒತ್ತಿಕೊಂಡು ವೇಗವನ್ನು ಹೆಚ್ಚಿಸಿಕೊಳ್ಳುತ್ತದೆ. ಬೆನ್ನಿನ ಕಡೆಗೆ ಇಳಿದೊಡನೆ ಹರಿದು, ಸುಳಿಸುಳಿಯಾಗಿ ತಿರುಗಿ, ಕೆಲವೊಮ್ಮೆ ಹಿಮ್ಮುಖವಾಗಿಯೂ ಬೀಸುತ್ತದೆ. ಆ ಬೆಟ್ಟದ ಕೋಟೆಯ ಮೇಲೆ ಅಳೆದವನೂ, ಮರೆಯ ಓಣಿಯಲ್ಲಿ ಅಳೆದವನೂ, ಆಲೂರಿನ ದಾರಿಯ ಬಯಲಿನಲ್ಲಿ ಅಳೆದವನೂ ಒಂದೇ ಗಂಟೆಯಲ್ಲಿ ಮೂರು ಸತ್ಯಗಳನ್ನು ತಂದಾರು.

ಎತ್ತರದ ಪ್ರಶ್ನೆಯು ಗಾಳಿಯಂತ್ರದವರಿಗೆ ಹಣದ ಪ್ರಶ್ನೆಯೂ ಹೌದು. ನೆಲದ ಒರಟುತನಕ್ಕೆ ಉಜ್ಜಿ ಕುಗ್ಗುವ ಗಾಳಿಯು ಮೇಲೆ ಹೋದಂತೆ ಬಿಡುಗಡೆಗೊಳ್ಳುತ್ತದೆ. ತೆರೆದ ಬಯಲಿನಲ್ಲಿ 10 ಮೀಟರಿನಲ್ಲಿರುವುದಕ್ಕಿಂತ 80 ಮೀಟರಿನಲ್ಲಿ ಅದು ಸಾಮಾನ್ಯವಾಗಿ ಮೂರನೆಯ ಒಂದು ಪಾಲಿನಷ್ಟು ಹೆಚ್ಚು. ಗಾಳಿಯಲ್ಲಿರುವ ಶಕ್ತಿಯೋ ವೇಗದ ಘನದಂತೆ ಏರುವುದು: ವೇಗ ಇಮ್ಮಡಿಯಾದರೆ ಶಕ್ತಿ ಎಂಟು ಮಡಿ. ಆದ್ದರಿಂದ ಮಾಪಕವು ನೂರಕ್ಕೆ 10ರಷ್ಟು ಹೆಚ್ಚು ಹೇಳಿದರೆ, ಅದನ್ನು ನಂಬಿ ಹಾಕಿದ ವಿದ್ಯುತ್ತಿನ ಲೆಕ್ಕವು ನೂರಕ್ಕೆ 33ರಷ್ಟು ಉಬ್ಬಿರುತ್ತದೆ. ಯಂತ್ರದ ಬೆನ್ನಿನ ಮೇಲೆಯೂ ಒಂದು ಮಾಪಕವಿರುತ್ತದೆ ನಿಜ. ಆದರೆ ಅದಕ್ಕೆ ದೊರೆಯುವುದು ರೆಕ್ಕೆಗಳು ಕಲಕಿ ಬಿಟ್ಟ ಗಾಳಿ. ಅದಕ್ಕಾಗಿಯೇ ಯಂತ್ರವನ್ನು ನಿಲ್ಲಿಸುವುದಕ್ಕೆ ಮುಂಚೆ, ಬೇರೆಬೇರೆ ಎತ್ತರಗಳಲ್ಲಿ ಬಟ್ಟಲುಗಳನ್ನು ಹೊತ್ತ ಜಾಲರಿಯ ಕಂಬವನ್ನು ನೆಟ್ಟು ಕನಿಷ್ಠ ಒಂದು ವರ್ಷ ಅಳೆಯುತ್ತಾರೆ. ಆಷಾಢವನ್ನು ನೋಡಿ ಕಾರ್ತಿಕವನ್ನು ಊಹಿಸಲಾಗದಷ್ಟೆ.

ಈ ಶಿಸ್ತನ್ನು ನಮ್ಮ ದೇಶಕ್ಕೆ ಕಲಿಸಿದವರಲ್ಲಿ ಅಗ್ರಗಣ್ಯರಾದವರು ಅನ್ನಾ ಮಣಿ. 1918ರಲ್ಲಿ ಕೇರಳದ ಪೀರುಮೇಡಿನಲ್ಲಿ ಜನಿಸಿ, 1940ರಲ್ಲಿ ಬೆಂಗಳೂರಿಗೆ ಬಂದು ಸಿ. ವಿ. ರಾಮನ್ನರ ಪ್ರಯೋಗಶಾಲೆಯಲ್ಲಿ ವಜ್ರ ಮಾಣಿಕ್ಯಗಳ ಬೆಳಕನ್ನು ಅಭ್ಯಸಿಸಿದ ಈ ಮಹನೀಯೆಯು, ಭಾರತೀಯ ಹವಾಮಾನ ಇಲಾಖೆಯನ್ನು ಸೇರಿ, ಹೊರದೇಶಗಳಿಂದ ತರಿಸುತ್ತಿದ್ದ ಉಪಕರಣಗಳನ್ನು ಇಲ್ಲಿಯೇ ತಯಾರಿಸುವಂತೆ ಮಾಡಲು ಸುಮಾರು 100 ಉಪಕರಣಗಳ ನಕ್ಷೆಗಳನ್ನು ಕ್ರಮಬದ್ಧಗೊಳಿಸಿದರು. 1976ರಲ್ಲಿ ನಿವೃತ್ತರಾದ ಮೇಲೂ ಸುಮ್ಮನಿರದೆ ಬೆಂಗಳೂರಿನಲ್ಲಿ ನೆಲಸಿ, 1983ರಲ್ಲಿ ಭಾರತದ ಗಾಳಿಯ ಅಂಕಿಅಂಶಗಳ ಗ್ರಂಥವನ್ನು ಸಹೋದ್ಯೋಗಿಯೊಬ್ಬರೊಡನೆ ಪ್ರಕಟಿಸಿದರಲ್ಲದೆ, ಗಾಳಿಯ ವೇಗವನ್ನೂ ಬಿಸಿಲಿನ ಶಕ್ತಿಯನ್ನೂ ಅಳೆಯುವ ಸಾಧನಗಳ ತಯಾರಿಕೆಯನ್ನೂ ಆ ಊರಿನಲ್ಲಿ ಆರಂಭಿಸಿದರು. ತಪ್ಪು ಅಳತೆಯು ಅಳತೆಯೇ ಇಲ್ಲದಿರುವುದಕ್ಕಿಂತ ಕೆಟ್ಟದ್ದೆಂಬ ನಿಷ್ಠೆಯು ಅವರ ಬಾಳಿನುದ್ದಕ್ಕೂ ಕಾಣುತ್ತದೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಕರ್ನೂಲಿಗೆ ಸೇರಿದ ಆದವಾನಿ ಆಲೂರುಗಳ ದಿಬ್ಬಗಳ ಮೇಲೆ ಇಂದು ರೆಕ್ಕೆಗಳು ತಿರುಗುತ್ತಿರುವುದರ ಹಿಂದೆ, ಅಂಥವರು ದೇಶದಾದ್ಯಂತ ನೆಡಿಸಿದ ಅಳತೆಯ ಕಂಬಗಳ ಪರಂಪರೆಯಿದೆಯೆಂಬುದನ್ನು ನಮ್ಮ ಶಾಲೆಯ ಮಕ್ಕಳಿಗೆ ಹೇಳಿಕೊಡಬೇಕೆಂದು ನನಗೆ ಬಹಳ ಆಸೆ.

ಇನ್ನು ಮಿಲ್ಲಿನೊಳಗಿನ ಗಾಳಿ. ಜಿನ್ನಿಂಗ್ ಮಿಲ್ಲಿನಲ್ಲಿ ರಾಶಿಯಿಂದ ಹತ್ತಿಯನ್ನು ಹೀರಿ ಯಂತ್ರಕ್ಕೆ ಒಯ್ಯುವ ಕೊಳವೆಯಲ್ಲಿ ಗಾಳಿಯ ವೇಗವು ಸೆಕೆಂಡಿಗೆ ಸುಮಾರು 20 ಮೀಟರ್, ಎಂದರೆ ಗಂಟೆಗೆ 72 ಕಿಲೋಮೀಟರ್ ಇದ್ದರೆ ಹತ್ತಿಯು ತೇಲಿ ಸಾಗುತ್ತದೆ; ಬಹಳ ಕುಗ್ಗಿದರೆ ಮೊಣಕೈಯಂಥ ತಿರುವುಗಳಲ್ಲಿ ಕೂತು ಕಟ್ಟಿಕೊಳ್ಳುತ್ತದೆ. ಅಲ್ಲಿಗೆ ಎಸಳಿನ ಚಕ್ರವನ್ನು ಒಯ್ದರೆ ಅರಳೆಯ ಎಳೆಯು ಅಚ್ಚಿಗೆ ಸುತ್ತಿಕೊಂಡು ಕ್ಷಣದಲ್ಲಿ ನಿಂತುಬಿಡುತ್ತದೆ. ಅಲ್ಲಿ ಸಲ್ಲುವುದು ತಿರುಗುವ ಭಾಗವೇ ಇಲ್ಲದ ಪಿಟೋ ನಳಿಕೆ. ಫ್ರಾನ್ಸಿನ ಹೆನ್ರಿ ಪಿಟೋ 1732ರಲ್ಲಿ ಸೇನ್ ನದಿಯ ಹರಿವನ್ನು ಅಳೆಯಲು ಬಾಗಿದ ಗಾಜಿನ ನಳಿಕೆಯೊಂದನ್ನು ನೀರಿಗೆ ಎದುರಾಗಿ ಹಿಡಿದನಂತೆ; ಅದರ ಸಂತತಿಯೇ ಇದು. ಒಂದು ರಂಧ್ರವು ಗಾಳಿಗೆ ಎದುರಾಗಿ ಅದರ ತಳ್ಳನ್ನು ತಿನ್ನುತ್ತದೆ, ಪಕ್ಕದ ರಂಧ್ರಗಳು ಸುಮ್ಮನೆ ಇರುವ ಒತ್ತಡವನ್ನು ಮಾತ್ರ ಕಾಣುತ್ತವೆ. ಎರಡರ ಅಂತರವನ್ನು ಬಾಗಿದ ಗಾಜಿನ ನಳಿಕೆಯಲ್ಲಿನ ನೀರು ಎತ್ತಿ ತೋರಿಸುತ್ತದೆ. ಆ ನೀರಿನ ಅಂತರವನ್ನು ಮಿಲಿಮೀಟರಿನಲ್ಲಿ ಅಳೆದು, ವರ್ಗಮೂಲವನ್ನು ತೆಗೆದು, 4ಕ್ಕಿಂತ ತುಸು ಹೆಚ್ಚಿನ ಸಂಖ್ಯೆಯಿಂದ ಗುಣಿಸಿದರೆ ಸೆಕೆಂಡಿಗೆ ಎಷ್ಟು ಮೀಟರೆಂಬುದು ದೊರೆಯುತ್ತದೆ: 25 ಮಿಲಿಮೀಟರ್ ಏರಿದರೆ ವರ್ಗಮೂಲ 5, ವೇಗ 20ಕ್ಕೆ ಸ್ವಲ್ಪ ಮೇಲೆ.

ಒಂದು ಮಿಲ್ಲಿನಲ್ಲಿ ಹತ್ತಿಯು ಪದೇಪದೇ ಕಟ್ಟಿಕೊಳ್ಳುತ್ತಿತ್ತು. ಫ್ಯಾನನ್ನೇ ಬದಲಿಸಬೇಕೆಂದು ಮಾತು ನಡೆದಿತ್ತು. ಅಲ್ಲಿನ ಫಿಟ್ಟರು ಹಳೆಯ ಗಾಜಿನ ನಳಿಕೆಗೆ ಶಾಯಿ ಬೆರೆಸಿದ ನೀರು ತುಂಬಿ, ಹತ್ತಿಯ ಸಾಗಣೆಯನ್ನು ನಿಲ್ಲಿಸಿ, ಕೊಳವೆಗೆ ಬೆರಳಿನ ಗಾತ್ರದ ರಂಧ್ರ ಕೊರೆದು ಫ್ಯಾನಿನ ಹತ್ತಿರ ಅಳೆದಾಗ ನೀರು 25 ಮಿಲಿಮೀಟರ್ ಏರಿತು. ಹತ್ತಿಯನ್ನು ಹೀರುವ ಬಾಯಿಯ ಹತ್ತಿರ ಅದೇ ಅಗಲದ ಕೊಳವೆಯಲ್ಲಿ ಅಳೆದಾಗ 16 ಮಾತ್ರ. ಎಂದರೆ ಅಲ್ಲಿ 20ರ ಬದಲು 16ರ ಆಸುಪಾಸು. ಫ್ಯಾನು ಎಳೆಯುತ್ತಿದೆ, ಬಾಯಿಗೆ ಮುಟ್ಟುತ್ತಿಲ್ಲ. ನಡುವೆ ಎಲ್ಲಿಯೋ ಗಾಳಿ ನುಸುಳುತ್ತಿದೆಯೆಂಬುದು ಸ್ಪಷ್ಟವಾಯಿತು. ಹುಡುಕಿದರೆ ಛಾವಣಿಯ ಕೆಳಗಿನ ಒಂದು ಬೆಸುಗೆಯಲ್ಲಿ ಗೇಣುದ್ದದ ಸೀಳು ಸಿಕ್ಕಿತು. ಕೊಳವೆಯ ನಡುವಿನಲ್ಲಿ ಗಾಳಿ ಹೆಚ್ಚು, ಗೋಡೆಯ ಬದಿಯಲ್ಲಿ ಕಡಿಮೆಯಾದುದರಿಂದ ಅವರು ನಡುವಿನ ಒಂದೇ ಅಂಕಿಗೆ ತೃಪ್ತರಾಗದೆ ಅಡ್ಡಲಾಗಿ ಹತ್ತು ಕಡೆ ಅಳೆದು ಸರಾಸರಿ ತೆಗೆದರು. ತಿರುವಿನ ಪಕ್ಕದಲ್ಲಿ ಅಳೆಯದೆ, ಕೊಳವೆಯ ಅಗಲದ ಏಳೆಂಟು ಪಟ್ಟು ನೇರವಾಗಿ ಹರಿದ ಮೇಲೆ ರಂಧ್ರ ಕೊರೆದರು. ಅಂದಿನಷ್ಟು ಗೌರವದಿಂದ ನಾನು ಬೇರೆ ಯಾವ ಅಳತೆಯನ್ನೂ ನೋಡಿಲ್ಲ.

ಆದರೆ ಇದೇ ಪಿಟೋ ನಳಿಕೆಯನ್ನು ಮಾವನ ಹೊಲಕ್ಕೆ ಒಯ್ದರೆ ಕೆಲಸಕ್ಕೆ ಬಾರದು. ಸೆಕೆಂಡಿಗೆ 2 ಮೀಟರಿನ ಗಾಳಿಗೆ ನೀರು ಏರುವುದು ಕಾಲು ಮಿಲಿಮೀಟರಿನಷ್ಟು. ಕಣ್ಣಿಗೆ ಅದು ಕಾಣಿಸುವುದೇ ಇಲ್ಲ. ಅಂಥ ಮಂದಗಾಳಿಗೂ, ಆಸ್ಪತ್ರೆಯ ಕೋಣೆಯ ಗಾಳಿಕಿಂಡಿಗಳಿಗೂ ಕಾಯಿಸಿದ ಸೂಕ್ಷ್ಮತಂತಿಯ ಮಾಪಕವುಂಟು: ಗಾಳಿಯು ತಂತಿಯನ್ನು ಎಷ್ಟು ತಣಿಸುತ್ತದೆಂಬುದರಿಂದ ಅದು ವೇಗವನ್ನು ಲೆಕ್ಕಹಾಕುತ್ತದೆ. ಧೂಳಿನ ಸೀಮೆಯಲ್ಲಿ ಆ ತಂತಿಗೆ ಆಯುಸ್ಸು ಕಡಿಮೆ. ಶಬ್ದದ ಅಲೆಯು ಗಾಳಿಯೊಡನೆ ಬೇಗನೆ, ಗಾಳಿಗೆದುರಾಗಿ ನಿಧಾನವಾಗಿ ಸಾಗುವುದನ್ನು ಎಣಿಸುವ ಮಾಪಕಗಳೂ ಬಂದಿವೆ; ಅವುಗಳಲ್ಲಿ ಸವೆಯುವ ಅಚ್ಚಿಲ್ಲ, ಬೆಲೆ ಮಾತ್ರ ಹೆಚ್ಚು.

ಅಚ್ಚುಳ್ಳವುಗಳನ್ನು ನಮ್ಮಲ್ಲಿ ಜೋಪಾನವಾಗಿ ನೋಡಿಕೊಳ್ಳಬೇಕು. ಎರೆಯ ನವುರು ಧೂಳು ಅಚ್ಚಿನೊಳಗೆ ಸೇರಿದರೆ ಮಾಪಕವು ಸದ್ದಿಲ್ಲದೆ ಕಡಿಮೆ ಹೇಳತೊಡಗುತ್ತದೆ. ಸಿಂಪಡಣೆಯ ಮಾಪಕವು ಹೀಗೆ ಸುಳ್ಳಾಡಿದರೆ 15ರ ಗಾಳಿಯಲ್ಲಿ 10 ಎಂದು ನಂಬಿ ರೈತನು ವಿಷವನ್ನು ಉಸಿರಾಡುತ್ತಾನೆ. ಬಾಯಿಂದ ಮೆಲ್ಲನೆ ಊದಿದಾಗ ಚಕ್ರವು ತಡೆಯಿಲ್ಲದೆ ತಿರುಗಿ ತಾನಾಗಿ ನಿಧಾನವಾಗಿ ನಿಲ್ಲಬೇಕು. ಥಟ್ಟನೆ ನಿಂತರೆ ಧೂಳು ಸೇರಿದೆಯೆಂದು ತಿಳಿಯಬೇಕು. ಮುಂಗಾರಿಗೆ ಮುಂಚೆ ಒಮ್ಮೆ ಇನ್ನೊಬ್ಬರ ಮಾಪಕದ ಪಕ್ಕದಲ್ಲಿಟ್ಟು ಹತ್ತು ನಿಮಿಷ ಹೋಲಿಸಿದರೆ ಸಂದೇಹ ಪರಿಹಾರವಾದೀತು.

ಮಾವನು ಆ ಚಿಕ್ಕ ಮಾಪಕವನ್ನು ನನಗೆ ಹಿಂದಿರುಗಿಸಲಿಲ್ಲ. ಕಳೆದ ಬಾರಿ ಹೋದಾಗ ಕೊಟ್ಟಿಗೆಯ ಗೂಟಕ್ಕೆ ಬಟ್ಟೆಯ ಚೀಲದಲ್ಲಿ ಅದು ತೂಗಾಡುತ್ತಿತ್ತು. ಪಕ್ಕದಲ್ಲಿ ತೂಗುಹಾಕಿದ್ದ ಪಂಚಾಂಗದ ಹಾಳೆಯ ಮೇಲೆ, ಔಷಧಿ ಹೊಡೆದ ದಿನಗಳ ಚೌಕಗಳಲ್ಲಿ, ಅವನ ಮೊಂಡು ಪೆನ್ಸಿಲಿನ ಅಕ್ಷರಗಳಲ್ಲಿ ದಿಕ್ಕು ಮೊದಲು, ಅಂಕಿ ಆಮೇಲೆ: ಪಡುವಣ, 1.8, ಪಡುವಣ, 2.1, ತೆಂಕಣ, 1.4. ಒಂದು ಚೌಕದಲ್ಲಿ 4.6 ಎಂದು ಬರೆದು, ಕೆಳಗೆ 'ಹೊಡೀಲಿಲ್ಲ' ಎಂದಿತ್ತು.